ಘಾನಾ ದೇಶದ ಪ್ರವೇಶಪತ್ರಗಳು: ಒಂದು ಐತಿಹಾಸಿಕ ವಿವೇಚನೆ

ಪರದೇಶದ ಹೊಸ್ತಿಲನ್ನು ದಾಟುವವನ ಕೈಯಲ್ಲಿರಬೇಕಾದ ಕಾಗದಪತ್ರಗಳಿಗೆ ಚರಿತ್ರೆಯೆಂಬುದೊಂದು ಉಂಟೆಂದು ಸಾಮಾನ್ಯವಾಗಿ ಯಾರೂ ಭಾವಿಸುವುದಿಲ್ಲ. ತಾಮ್ರಪಟದ ಒಂದು ಅಕ್ಷರಕ್ಕಾಗಿ ವರುಷಗಟ್ಟಲೆ ವಾದಿಸುವ ವಿದ್ವಾಂಸರು ಸಹ ತಮ್ಮ ಪಾಸ್‌ಪೋರ್ಟಿನ ಪುಟಗಳನ್ನು ಶಾಸನವೆಂದು ಓದುವುದಿಲ್ಲ. ಆದರೆ ಒಂದು ದೇಶವು ಬಂದವನನ್ನು ತನ್ನ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಗಳಲ್ಲಿ ಆ ದೇಶವು ಹಿಂದೆ ಪಟ್ಟ ಪಾಡು ಅಡಗಿರುತ್ತದೆ. ಪಶ್ಚಿಮ ಆಫ್ರಿಕೆಯ ಘಾನಾ ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮಲ್ಲಿ ಯಾರಾದರೂ ಅಲ್ಲಿಗೆ ಹೊರಟರೆ ಅವರ ಬಳಿ ಪಾಸ್‌ಪೋರ್ಟು ಇರಬೇಕು. ದಿಲ್ಲಿಯಲ್ಲಿರುವ ಆ ದೇಶದ ಹೈಕಮಿಶನರ ಕಚೇರಿಯಿಂದ ಮುಂಚಿತವಾಗಿ ಪಡೆದ ವೀಸಾ ಇರಬೇಕು. ಇವುಗಳೊಡನೆ ಪೀತಜ್ವರಕ್ಕೆ ಚುಚ್ಚುಮದ್ದು ಹಾಕಿಸಿಕೊಂಡಿರುವುದಕ್ಕೆ ಸಾಕ್ಷಿಯಾಗಿ ಹಳದಿ ಬಣ್ಣದ ಒಂದು ಚಿಕ್ಕ ಪತ್ರಿಕೆಯೂ ಇರಬೇಕು. ಒಂಬತ್ತು ತಿಂಗಳು ತುಂಬಿದ ಕೂಸಿಗೂ ಈ ಮೂರನೆಯ ಕಾಗದ ತಪ್ಪದು. ಮೊದಲೆರಡನ್ನು ಬಹಳಷ್ಟು ದೇಶಗಳು ಕೇಳುತ್ತವೆ. ಮೂರನೆಯದಕ್ಕೂ ಘಾನಾ ದೇಶದ ಮಣ್ಣಿಗೂ ಇರುವ ಸಂಬಂಧ ಮಾತ್ರ ಬೇರೆಯೇ ಬಗೆಯದು. ಆದುದರಿಂದ ಅದನ್ನೇ ಮೊದಲು ವಿಚಾರಿಸುವುದು ಉಚಿತ.

ರೋಗಭಯದಿಂದ ಪ್ರಯಾಣಿಕರಿಗೆ ಕಾಗದ ಕೊಡುವ ಪದ್ಧತಿಯು ಇಂದಿನ ಬಗೆಯ ಪಾಸ್‌ಪೋರ್ಟಿಗಿಂತಲೂ ಹಳೆಯದು. ಅದು ನಮಗೆ ಅಪರಿಚಿತವೂ ಅಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಜಗತ್ತಿನ ರೇವುಗಳೆಲ್ಲ ಈ ನಗರದ ಹೆಸರು ಕೇಳಿ ಬೆಚ್ಚಿದವು. ಮರುವರ್ಷ ವೆನಿಸ್ ಪಟ್ಟಣದಲ್ಲಿ ಕೂಡಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಲನದ ಮುಖ್ಯ ಚಿಂತೆಯೇ ಮುಂಬಯಿಯ ಪ್ಲೇಗಾಗಿತ್ತು. ಮದರಾಸು ಪ್ರಾಂತದ ಸರಕಾರವು ಸೋಂಕು ತಗುಲಿದ ಊರುಗಳಿಂದ ಬಂದವರಿಗೆ ‘ಪ್ಲೇಗು ಪಾಸ್‌ಪೋರ್ಟ’ನ್ನು ಕೊಟ್ಟು, ಅವರು ಕೆಲವು ದಿನಗಳವರೆಗೆ ತಪ್ಪದೆ ಅಧಿಕಾರಿಗಳ ಮುಂದೆ ಹಾಜರಾಗಬೇಕೆಂದು ವಿಧಿಸಿತು. ಅಂದು ಬಾಗಿಲಲ್ಲಿ ನಿಂತು ತಪಾಸಣೆಗೆ ಮೈಯೊಡ್ಡಿದವರು ನಮ್ಮವರೇ. ಆಫ್ರಿಕೆಯ ರೋಗಗಳ ಮಾತು ಬಂದಾಗ ಮೂಗು ಮುರಿಯುವ ಸುಶಿಕ್ಷಿತರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪೀತಜ್ವರವು ಪ್ಲೇಗಿನಂತೆ ಇಲಿಯಿಂದ ಹಬ್ಬುವ ಬೇನೆಯಲ್ಲ. ಅದನ್ನು ಹರಡುವುದು ಸೊಳ್ಳೆಯೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಪ್ರತಿಪಾದಿಸಿದ. 1900ರಲ್ಲಿ ವಾಲ್ಟರ್ ರೀಡ್ ಎಂಬವನ ಮುಖಂಡತ್ವದ ಅಮೇರಿಕನ್ ಮಂಡಲಿಯು ಹವಾನಾದಲ್ಲಿ ಅದನ್ನು ಸಿದ್ಧಪಡಿಸಿತು. ಆದರೆ ಸೊಳ್ಳೆಯ ಹೊಟ್ಟೆಯಲ್ಲಿರುವ ರೋಗಬೀಜ ಯಾವುದೆಂಬುದು ಮುಂದೆ ಇಪ್ಪತ್ತೇಳು ವರ್ಷಗಳವರೆಗೆ ಕೈಗೆ ಸಿಗಲಿಲ್ಲ. ಆ ಕಾಲದಲ್ಲಿ ಘಾನಾ ದೇಶಕ್ಕೆ ‘ಗೋಲ್ಡ್ ಕೋಸ್ಟ್’ ಎಂದು ಹೆಸರು. ಅದು ಬ್ರಿಟಿಷರ ವಸಾಹತಾಗಿತ್ತು. ಪಶ್ಚಿಮ ಆಫ್ರಿಕೆಯ ಆ ಕರಾವಳಿಯನ್ನು ಯುರೋಪಿನವರು ‘ಬಿಳಿಯರ ಮಸಣ’ವೆಂದು ಕರೆಯುತ್ತಿದ್ದರು. ರಾಜಧಾನಿಯಾದ ಅಕ್ರಾಕ್ಕೆ ಹಡಗು ನಿಲ್ಲುವ ಬಂದರೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಪ್ರಯಾಣಿಕರನ್ನು ಕುರ್ಚಿಯಂಥ ತೊಟ್ಟಿಲಲ್ಲಿ ಕೂರಿಸಿ ಕೆಳಗಿನ ದೋಣಿಗೆ ಇಳಿಸುತ್ತಿದ್ದರು. ಹುಟ್ಟು ಹಾಕುವವರು ಅಲೆಗಳ ಮೇಲಿನಿಂದ ಅವರನ್ನು ದಡಕ್ಕೆ ತಲುಪಿಸುತ್ತಿದ್ದರು. ತಕೋರಾಡಿಯ ಬಂದರು ತೆರೆದದ್ದು 1928ರಲ್ಲಿ.

ನ್ಯೂಯಾರ್ಕಿನ ರಾಕಫೆಲರ್ ಪ್ರತಿಷ್ಠಾನವು 1925ರಲ್ಲಿ ನೈಜೀರಿಯದ ಲಾಗೋಸಿನ ಬಳಿ ಯಾಬಾದಲ್ಲಿ ಪೀತಜ್ವರದ ಸಂಶೋಧನೆಗಾಗಿ ಒಂದು ಮಂಡಲಿಯನ್ನು ನೆಲೆಗೊಳಿಸಿತು. ಹಲವು ಜಾತಿಯ ಪ್ರಾಣಿಗಳಿಗೆ ರೋಗಿಗಳ ನೆತ್ತರನ್ನು ಚುಚ್ಚಿ ನೋಡಿದರೂ ಯಾವುದಕ್ಕೂ ರೋಗ ತಗುಲಲಿಲ್ಲ. 1927ರ ಜೂನ್ ತಿಂಗಳ ಕೊನೆಯಲ್ಲಿ ಮಂಡಲಿಯ ವೈದ್ಯ ಮಹಾಫಿಯು ಗೋಲ್ಡ್ ಕೋಸ್ಟಿನ ಕ್ಪೆವೆ ಎಂಬ ಹಳ್ಳಿಯಲ್ಲಿ ಜ್ವರದಿಂದ ಮಲಗಿದ್ದ ಅಸಿಬಿ ಎಂಬ ಇಪ್ಪತ್ತೆಂಟು ವರ್ಷದ ಆಫ್ರಿಕನನ ರಕ್ತವನ್ನು ತೆಗೆದುಕೊಂಡ. ಅದನ್ನು ಭಾರತದ ರೀಸಸ್ ಜಾತಿಯ ಒಂದು ಕೋತಿಗೆ ಚುಚ್ಚಲಾಯಿತು. ಕೋತಿ ಸತ್ತಿತು, ಅಸಿಬಿ ಗುಣಹೊಂದಿದ. ರೋಗಬೀಜವು ಅತಿಸೂಕ್ಷ್ಮವಾದ ವೈರಸ್ ಎಂಬುದು ಇದರಿಂದ ಸ್ಥಿರಪಟ್ಟಿತು. ಆಫ್ರಿಕೆಯ ರೋಗಿ, ನಮ್ಮ ನಾಡಿನ ಮೂಕಪ್ರಾಣಿ, ಇವರಿಬ್ಬರೂ ಇಲ್ಲದಿದ್ದರೆ ಇಂದಿನ ಹಳದಿ ಪತ್ರಿಕೆ ಹುಟ್ಟುತ್ತಿರಲಿಲ್ಲ. ಇಬ್ಬರಲ್ಲಿ ಯಾರ ಅನುಮತಿಯನ್ನೂ ಪತ್ರಮುಖೇನ ಪಡೆಯುವ ಕಾಲ ಅದಾಗಿರಲಿಲ್ಲವೆಂಬುದೂ ನಿಜ.

ಈ ಜ್ಞಾನಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಆ ಪ್ರಯೋಗದಲ್ಲಿ ಮುಖ್ಯನಾಗಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಗೋಸಿನಲ್ಲಿ ಪೀತಜ್ವರದಿಂದಲೇ ಮಡಿದ. ಆ ಮುನ್ನ, 1919ರಲ್ಲಿ, ಜಪಾನಿನ ಪ್ರಖ್ಯಾತ ಸಂಶೋಧಕ ಹಿದೆಯೊ ನೊಗುಚಿಯು ರೋಗಬೀಜವನ್ನು ತಾನು ಕಂಡುಹಿಡಿದೆನೆಂದೂ ಅದು ಸುರುಳಿಯಾಕಾರದ ಒಂದು ಜೀವಾಣುವೆಂದೂ ಸಾರಿದ್ದ. ಆ ಮತವು ಬೀಳುವ ಸೂಚನೆ ಕಂಡಾಗ ತಾನೇ ಪರೀಕ್ಷಿಸಬೇಕೆಂದು ಅಕ್ರಾಕ್ಕೆ ಬಂದ. 1928ರ ಮೇ 21ರಂದು ಅಲ್ಲಿಯೇ ಅದೇ ಜ್ವರದಿಂದ ತೀರಿಕೊಂಡ. ಅವನಿಗೆ ಪ್ರಯೋಗಶಾಲೆಯಲ್ಲಿ ಸ್ಥಳ ಕೊಟ್ಟಿದ್ದ ವೈದ್ಯ ಯಂಗ್ ಕೆಲವೇ ದಿನಗಳಲ್ಲಿ ಅವನನ್ನು ಹಿಂಬಾಲಿಸಿದ. ಮತ ತಪ್ಪಾಗಿದ್ದರೂ ಪ್ರಾಣವನ್ನು ಒತ್ತೆಯಿಟ್ಟವನನ್ನು ಘಾನಾದವರು ಮರೆಯಲಿಲ್ಲ. 1979ರಲ್ಲಿ ಲೆಗಾನಿನಲ್ಲಿ ಸ್ಥಾಪಿತವಾದ ವೈದ್ಯಕೀಯ ಸಂಶೋಧನ ಸಂಸ್ಥೆಗೆ ನೊಗುಚಿಯ ಹೆಸರಿದೆ.

ಅಸಿಬಿಯ ರಕ್ತದಲ್ಲಿದ್ದ ವೈರಸನ್ನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಮ್ಯಾಕ್ಸ್ ಥೈಲರನೂ ಅವನ ಸಂಗಡಿಗರೂ ನ್ಯೂಯಾರ್ಕಿನಲ್ಲಿ ಮೊದಲು ಇಲಿಮರಿಯ, ಆಮೇಲೆ ಕೋಳಿಮರಿಯ ಭ್ರೂಣದ ಅಂಗಾಂಶಗಳಲ್ಲಿ ನೂರಾರು ಬಾರಿ ಬೆಳೆಸಿದರು. ಬೆಳೆಸುತ್ತ ಬೆಳೆಸುತ್ತ ಅದು ಕೊಲ್ಲುವ ಶಕ್ತಿಯನ್ನು ಕಳೆದುಕೊಂಡು ಕಾಪಾಡುವ ಶಕ್ತಿಯನ್ನಷ್ಟೇ ಉಳಿಸಿಕೊಂಡಿತು. 1937ರಲ್ಲಿ ಪ್ರಕಟವಾದ ಈ ‘17-ಡಿ’ ಲಸಿಕೆಗಾಗಿ ಥೈಲರನಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿಗೂ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವುದು ಅದೇ ವಂಶದ ಲಸಿಕೆ. ನಮ್ಮ ದೇಶದಲ್ಲಿ ಹಿಮಾಚಲದ ಕಸೌಲಿಯ ಕೇಂದ್ರ ಸಂಶೋಧನಾಲಯವು ಅದನ್ನು ತಯಾರಿಸುತ್ತ ಬಂದಿದೆ. ಆದುದರಿಂದ ಘಾನಾಕ್ಕೆ ಹೊರಟ ಭಾರತೀಯನು ತನ್ನ ತೋಳಿಗೆ ಚುಚ್ಚಿಸಿಕೊಳ್ಳುವುದು ಘಾನಾದ ಒಂದು ಹಳ್ಳಿಯಿಂದಲೇ ಹೊರಟು, ಸಾಧುವಾಗಿ ಹಿಂದಿರುಗುತ್ತಿರುವ ವಸ್ತು.

ಭಾರತಕ್ಕೂ ಈ ಕಾಗದಕ್ಕೂ ಇನ್ನೊಂದು ನಂಟುಂಟು. ನಮ್ಮಲ್ಲಿ ಪೀತಜ್ವರವಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಧಾರಾಳವಾಗಿದೆ. ನಗರಗಳಲ್ಲಿ ಮಳೆಗಾಲದ ನಂತರ ಡೆಂಗೀ ಜ್ವರ ತರುವುದು ಅದೇ ಸೊಳ್ಳೆ. ಪನಾಮಾ ಕಾಲುವೆ 1914ರಲ್ಲಿ ತೆರೆಯುವ ಮೊದಲೇ ಭಾರತೀಯ ವೈದ್ಯಕೀಯ ಸೇವೆಯ ಎಸ್. ಪಿ. ಜೇಮ್ಸ್ ಎಂಬ ಅಧಿಕಾರಿಯು, ಹೊಸ ಜಲಮಾರ್ಗದಿಂದ ಈ ರೋಗ ಏಷ್ಯಾಕ್ಕೆ ಬಂದೀತೇ ಎಂದು ಪರಿಶೀಲಿಸಿ 1913ರಲ್ಲಿ ಎಚ್ಚರಿಕೆಯ ಲೇಖನವನ್ನು ಬರೆದಿದ್ದ. ಹಡಗಿಗಿಂತ ವಿಮಾನವು ಅಪಾಯಕರ. ಸೋಂಕು ತಗುಲಿದವನು ಜ್ವರ ಬರುವ ಮೊದಲೇ ಸಮುದ್ರ ದಾಟಿಬಿಡಬಲ್ಲ. ಆದುದರಿಂದಲೇ 1933ರಲ್ಲಿ ಹೇಗ್ ನಗರದಲ್ಲಿ ವಿಮಾನಯಾನಕ್ಕಾಗಿಯೇ ಪ್ರತ್ಯೇಕ ಆರೋಗ್ಯ ಒಪ್ಪಂದವಾಯಿತು. ಎರಡನೆಯ ಮಹಾಯುದ್ಧದಲ್ಲಿ ತಕೋರಾಡಿಯಲ್ಲಿ ಜೋಡಿಸಿದ ಯುದ್ಧವಿಮಾನಗಳು ಆಫ್ರಿಕೆಯ ನಡುವೆ ಹಾದು ಕೈರೋ ಮುಟ್ಟುತ್ತಿದ್ದವು; ಆ ದಾರಿಯ ಕೊಂಡಿ ಭಾರತದವರೆಗೂ ಬಂದಾಗ ಹಳೆಯ ಭಯ ಮತ್ತೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಅಂಗೀಕರಿಸಿದ ನಿಯಮಾವಳಿಯಿಂದ ಇಂದಿನ ಬಗೆಯ ಪ್ರಮಾಣಪತ್ರ ನೆಲೆಗೊಂಡಿತು. ಭಾರತವು ಪೀತಜ್ವರದ ವಿಷಯದಲ್ಲಿ ತನ್ನವೇ ಆದ ಷರತ್ತುಗಳನ್ನು ಉಳಿಸಿಕೊಂಡಿತು. ರೋಗವಿರುವ ದೇಶದಿಂದ ಪತ್ರವಿಲ್ಲದೆ ನಮ್ಮಲ್ಲಿಗೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿಡುವ ವಿಧಿ ಈ ಕಾರಣದಿಂದ ಬಂದದ್ದು. ಘಾನಾದಿಂದ ಹಿಂದಿರುಗುವ ನಮ್ಮವರಿಗೂ ಅದು ಅನ್ವಯಿಸುತ್ತದೆ. ಆದುದರಿಂದ ಹಳದಿ ಪತ್ರಿಕೆಯನ್ನು ಹೋಗುವಾಗ ತೋರಿಸಿ ಎಲ್ಲಿಯೋ ಹಾಕಿಬಿಡತಕ್ಕದ್ದಲ್ಲ.

ಬ್ಯಾಂಕಿನ ಕೆಲಸದವನಿಗೆ ಈ ಪತ್ರಿಕೆ ಒಂದು ಕುತೂಹಲದ ದಸ್ತೈವಜು. ಸಹಿ ಬೇಕು, ಕೇಂದ್ರದ ಮೊಹರು ಬೇಕು, ಲಸಿಕೆಯ ತಂಡದ ಸಂಖ್ಯೆ ಬೇಕು. ಇಷ್ಟಿದ್ದರೂ ಅದು ಕೂಡಲೆ ಚಲಾವಣೆಗೆ ಬಾರದು. ಮುಂದಿನ ತಾರೀಖು ಹಾಕಿದ ಚೆಕ್ಕಿನಂತೆ, ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆಯೇ ಅದಕ್ಕೆ ಬೆಲೆ. ಅದರ ವಾಯಿದೆ ಮೊದಲು ಆರು ವರ್ಷ, ಅನಂತರ ಹತ್ತು ವರ್ಷವಿತ್ತು. 2016ರ ಜುಲೈ 11ರಿಂದ ಜೀವಮಾನಪರ್ಯಂತ ಸಲ್ಲುತ್ತದೆ. ಕಾಲಕ್ರಮದಲ್ಲಿ ನಿರ್ಬಂಧವು ಸಡಿಲವಾದ ಸರಕಾರಿ ಕಾಗದಗಳು ವಿರಳ, ಇದು ಅಂಥವುಗಳಲ್ಲೊಂದು.

ಪಾಸ್‌ಪೋರ್ಟು ಮತ್ತು ವೀಸಾಗಳ ಕಥೆ ಇಷ್ಟು ನೇರವಾದುದಲ್ಲ. 1914ಕ್ಕೆ ಮುಂಚೆ ಯುರೋಪಿನ ಬಹುಭಾಗವನ್ನು ಪಾಸ್‌ಪೋರ್ಟಿಲ್ಲದೆ ಸುತ್ತಬಹುದಾಗಿತ್ತು. ಮೊದಲ ಮಹಾಯುದ್ಧದ ಸಂದೇಹಗಳು ಅದನ್ನು ಕಡ್ಡಾಯಗೊಳಿಸಿದವು. 1920ರ ಪ್ಯಾರಿಸ್ ಸಮ್ಮೇಲನವು ಮೂವತ್ತೆರಡು ಪುಟಗಳ ಏಕರೂಪದ ಪುಸ್ತಿಕೆಯನ್ನು ಸೂಚಿಸಿತು. ಅದೇ ವರ್ಷ ಭಾರತದಲ್ಲಿ ಪ್ರವೇಶಕ್ಕೆ ಪಾಸ್‌ಪೋರ್ಟು ಬೇಕೆನ್ನುವ ಕಾಯಿದೆಯಾಯಿತು. ಸಾಮ್ರಾಜ್ಯಕ್ಕೆ ಬೇಕಾದಾಗ ಮಾತ್ರ ಈ ಕಟ್ಟುಪಾಡುಗಳು ಅಡ್ಡಬರಲಿಲ್ಲ. 1943ರಿಂದ ಗೋಲ್ಡ್ ಕೋಸ್ಟಿನ ಸಾವಿರಾರು ಸೈನಿಕರು ಭಾರತಕ್ಕೆ ಬಂದು ಬರ್ಮಾದ ಕಾಡುಗಳಲ್ಲಿ ಹೋರಾಡಿದರು. ಅವರಿಂದ ಯಾರೂ ವೀಸಾ ಕೇಳಲಿಲ್ಲ. ಯುದ್ಧದಿಂದ ಮರಳಿದವರು ತಮಗೆ ಸಲ್ಲಬೇಕಾದುದನ್ನು ಬೇಡಲು 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮೆರವಣಿಗೆ ಹೊರಟಾಗ ಗುಂಡು ಹಾರಿ ಮೂವರು ಸತ್ತರು. ಆ ಕಿಡಿಯು ಹಬ್ಬಿ, 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು.

ಆ ಉತ್ಸವಕ್ಕೆ ಎನ್‌ಕ್ರುಮಾ ಅವರು ಆಹ್ವಾನಿಸಿದ ಮಹನೀಯರಲ್ಲಿ ಅಮೇರಿಕದ ಕರಿಯ ಜನಾಂಗದ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ಒಬ್ಬರು. ಅವರ ಸರಕಾರ ಪಾಸ್‌ಪೋರ್ಟು ಕೊಡಲಿಲ್ಲ, ಅವರು ಬರಲಾಗಲಿಲ್ಲ. 1961ರಲ್ಲಿ, ತೊಂಬತ್ತು ದಾಟಿದ ಮೇಲೆ, ಆಫ್ರಿಕೆಯ ವಿಶ್ವಕೋಶವನ್ನು ರಚಿಸಲೆಂದು ಅವರು ಅಕ್ರಾದಲ್ಲಿ ನೆಲೆಸಿದರು. 1963ರಲ್ಲಿ ಅಮೇರಿಕವು ಪಾಸ್‌ಪೋರ್ಟನ್ನು ನವೀಕರಿಸಲು ನಿರಾಕರಿಸಿದಾಗ ಘಾನಾದ ಪೌರರಾದರು. ಅದೇ ಆಗಸ್ಟ್ 27ರಂದು ಅಲ್ಲಿಯೇ ಕಣ್ಣು ಮುಚ್ಚಿದರು. ಹೊಸ ರಾಷ್ಟ್ರದ ಬಾಗಿಲು ಅಂದು ಎಷ್ಟು ಅಗಲವಾಗಿ ತೆರೆದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಾಗಿಲು ಬಹುಕಾಲ ಹಾಗೆಯೇ ಇರಲಿಲ್ಲ. 1966ರಲ್ಲಿ ಎನ್‌ಕ್ರುಮಾ ಪದಚ್ಯುತರಾದರು. ಸಾಲ, ನಿರುದ್ಯೋಗಗಳ ನಡುವೆ 1969ರಲ್ಲಿ ಅಧಿಕಾರಕ್ಕೆ ಬಂದ ಬುಸಿಯಾ ಸರಕಾರವು ನವೆಂಬರ್ 18ರಂದು ಒಂದು ಆಜ್ಞೆ ಹೊರಡಿಸಿತು: ವಾಸದ ಪರವಾನಗಿಯಿಲ್ಲದ ಪರಕೀಯರು ಎರಡು ವಾರಗಳೊಳಗೆ ಅದನ್ನು ಪಡೆಯಬೇಕು, ಇಲ್ಲವೆ ದೇಶ ಬಿಡಬೇಕು. ತಲೆಮಾರುಗಳಿಂದ ಅಲ್ಲಿ ಅಂಗಡಿಯಿಟ್ಟಿದ್ದ, ಕೋಕೋ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನರು, ಅವರಲ್ಲಿ ಹೆಚ್ಚಿನವರು ನೈಜೀರಿಯದವರು, ಗಂಟುಮೂಟೆ ಕಟ್ಟಿದರು. ಎಂದೂ ಯಾರೂ ಕೇಳದಿದ್ದ ಕಾಗದವನ್ನು ಹದಿನಾಲ್ಕು ದಿನಗಳಲ್ಲಿ ತಂದು ತೋರಿಸೆನ್ನುವುದು ಕಾನೂನಿನ ವೇಷ ತೊಟ್ಟ ಉಚ್ಚಾಟನೆಯಲ್ಲದೆ ಬೇರೇನಲ್ಲ. 1970ರ ಇನ್ನೊಂದು ಕಾಯಿದೆಯು ಚಿಲ್ಲರೆ ವ್ಯಾಪಾರವನ್ನು ಘಾನಾದವರಿಗೆ ಮೀಸಲಿಟ್ಟಾಗ ಲೆಬನಾನಿನ ವರ್ತಕರಿಗೂ ನಮ್ಮ ಸಿಂಧಿ ವ್ಯಾಪಾರಸ್ಥರಿಗೂ ಅದರ ಬಿಸಿ ತಟ್ಟಿತು.

ಈ ಕಹಿಯನ್ನು ಅಳಿಸಲೆಂಬಂತೆ 1975ರಲ್ಲಿ ಪಶ್ಚಿಮ ಆಫ್ರಿಕೆಯ ರಾಷ್ಟ್ರಗಳು ಆರ್ಥಿಕ ಸಮುದಾಯವೊಂದನ್ನು ಕಟ್ಟಿಕೊಂಡವು. 1979ರ ಮೇ 29ರ ಒಪ್ಪಂದದಿಂದ ಸದಸ್ಯರಾಷ್ಟ್ರದ ಪ್ರಜೆ ವೀಸಾ ಇಲ್ಲದೆ ತೊಂಬತ್ತು ದಿನ ಇನ್ನೊಂದು ಸದಸ್ಯರಾಷ್ಟ್ರದಲ್ಲಿರಬಹುದಾಯಿತು. ಘಾನಾದ ಬಡವರು ಎಣ್ಣೆಯ ಹಣ ಹರಿಯುತ್ತಿದ್ದ ನೈಜೀರಿಯಕ್ಕೆ ಹೋದರು. ಬಹುಮಂದಿ ತೊಂಬತ್ತು ದಿನ ಮೀರಿ ಉಳಿದರು. ಎಣ್ಣೆಯ ಬೆಲೆ ಇಳಿಯಿತು. 1983ರ ಜನವರಿ 17ರಂದು ನೈಜೀರಿಯವು ಅದೇ ಹದಿನಾಲ್ಕು ದಿನಗಳ ಗಡುವನ್ನು ಘಾನಾದವರಿಗೆ ಹಿಂದಿರುಗಿಸಿತು. ಒಪ್ಪಂದದ ಅಕ್ಷರಕ್ಕೆ ಚ್ಯುತಿಯಿಲ್ಲವೆಂದು ಅದು ವಾದಿಸಬಹುದಾಗಿತ್ತು. ತೊಂಬತ್ತು ದಿನಗಳೆಂದರೆ ತೊಂಬತ್ತೇ. ಸುಮಾರು ಹತ್ತು ಲಕ್ಷ ಜನ ಪಶ್ಚಿಮದ ದಾರಿ ಹಿಡಿದರು. ವಿಪರ್ಯಾಸವೆಂದರೆ ಘಾನಾವೇ ತನ್ನ ಗಡಿಯನ್ನು 1982ರ ಸೆಪ್ಟೆಂಬರಿನಿಂದ ಮುಚ್ಚಿತ್ತು. ಜನವರಿಯ ಕೊನೆಯಲ್ಲಿ ಅದು ತೆರೆಯುವವರೆಗೆ ಅದರ ಪ್ರಜೆಗಳೇ ನಡುದಾರಿಯ ದೇಶಗಳಲ್ಲಿ ಸಿಕ್ಕಿಕೊಂಡು ನರಳಿದರು. ಅವರು ಸಾಮಾನು ತುಂಬಿಕೊಂಡ ಚೌಕಳಿಯ ಅಗ್ಗದ ಚೀಲಕ್ಕೆ ಆ ಭಾಗದಲ್ಲಿ ಇಂದಿಗೂ ‘ಘಾನಾ ಮಸ್ಟ್ ಗೋ’, ಘಾನಾದವರು ತೊಲಗಬೇಕು, ಎಂದೇ ಹೆಸರು.

2000ದ ವಲಸೆ ಕಾಯಿದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪರವಾನಗಿಗಳ ಬಿಗಿಯಾದ ವಿಧಿಗಳೊಡನೆ ಅದರಲ್ಲಿ ‘ನೆಲೆಸುವ ಹಕ್ಕು’ ಎಂಬ ಒಂದು ವಿಧಿಯೂ ಇದೆ. ಗುಲಾಮರ ಹಡಗುಗಳಲ್ಲಿ ಸಾಗಿಸಲ್ಪಟ್ಟವರ ಸಂತತಿಯವರು, ಹೊರದೇಶಗಳಲ್ಲಿರುವ ಆಫ್ರಿಕನ್ ಮೂಲದವರು, ಈ ಹಕ್ಕನ್ನು ಬೇಡಬಹುದು. 2016ರ ಜುಲೈಯಿಂದ ಆಫ್ರಿಕನ್ ಒಕ್ಕೂಟದ ರಾಷ್ಟ್ರಗಳವರಿಗೆ ಬಂದಿಳಿದ ಮೇಲೆ ವೀಸಾ ಕೊಡುವ ಕ್ರಮ ಮೊದಲಾಯಿತು. 2025ರ ಜನವರಿಯಲ್ಲಿ ಎಲ್ಲ ಆಫ್ರಿಕನರಿಗೂ ವೀಸಾ ಬೇಡವೆಂಬ ಘೋಷಣೆ ಹೊರಟಿತು. ಅದೇ ತಿಂಗಳ 29ರಂದು ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳು 1975ರ ಸಮುದಾಯದಿಂದ ಹೊರಬಿದ್ದುದನ್ನೂ ಇಲ್ಲಿ ಗಮನಿಸಬೇಕು.

ಹೀಗೆ ವೀಸಾದ ವಿಷಯದಲ್ಲಿ ಅಕ್ರಾದ ವಿಮಾನನಿಲ್ದಾಣದಲ್ಲಿ ಇಳಿದವರೆಲ್ಲರೂ ಸಮಾನರಲ್ಲ. ಲಾಗೋಸಿನಿಂದ ಬಂದವನಿಗೆ ಒಂದು ನಿಯಮ, ಮುಂಬಯಿಯಿಂದ ಬಂದವನಿಗೆ ಮತ್ತೊಂದು. ಅಟ್ಲಾಂಟಿಕದ ಆಚೆಯಿಂದ ಪೂರ್ವಜರ ನೆಲವನ್ನು ಅರಸಿ ಬಂದವನಿಗೆ ಇನ್ನೊಂದು. ಕ್ಪೆವೆಯ ರೋಗಿಯಿಂದ ಹುಟ್ಟಿದ ಹಳದಿ ಪತ್ರಿಕೆಯನ್ನು ಮಾತ್ರ ಈ ಮೂವರೂ ಕೈಯಲ್ಲಿ ಹಿಡಿದಿರಬೇಕು.