ಮೇಣದ ಹುಳು: ಜೇನು ಪೆಟ್ಟಿಗೆಗೆ ಪೀಡೆ, ಜೈವಿಕ ನಿಯಂತ್ರಣಕ್ಕೆ ಆಸರೆ

ದೊಡ್ಡ ಮೇಣದ ಪತಂಗದ (ಗ್ಯಾಲೇರಿಯಾ ಮೆಲೊನೆಲ್ಲಾ) ಮರಿಹುಳುವೇ ಮೇಣದ ಹುಳು. ಇದು ಜೇನು ಎರಿಗಳಲ್ಲಿ ಸುರಂಗ ಕೊರೆದು ಬಲೆ ಹೆಣೆಯುತ್ತದೆ. ಬಾಧೆ ಹೆಚ್ಚಾದಾಗ ತುಡುವೆ ಜೇನು ಕುಟುಂಬಗಳು ಪೆಟ್ಟಿಗೆಯನ್ನೇ ತೊರೆಯುತ್ತವೆ. ಆದರೆ ಇದೇ ಹುಳುವನ್ನು ಪ್ರಯೋಗಾಲಯಗಳಲ್ಲಿ ಉದ್ದೇಶಪೂರ್ವಕವಾಗಿ ಸಾಕಲಾಗುತ್ತದೆ.

ಉಪಯೋಗಗಳು

ಜೈವಿಕ ನಿಯಂತ್ರಣ: ಅಡಿಕೆ ಮತ್ತು ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿನ ಹತೋಟಿಗೆ ಬಳಸುವ ಕೀಟರೋಗಕಾರಕ ಜಂತುಹುಳುಗಳನ್ನು ಮೇಣದ ಹುಳುವಿನ ದೇಹದಲ್ಲಿ ವೃದ್ಧಿಪಡಿಸಲಾಗುತ್ತದೆ. ಜಂತುಹುಳು ಹೊಕ್ಕ ಮೇಣದ ಹುಳು ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಸಾಯುತ್ತದೆ. ಹೆಟೆರೊರ್‍ಹಾಬ್ಡಿಟಿಸ್ ಸೋಂಕಿನಿಂದ ಸತ್ತ ಹುಳು ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗಿ ಕೊಳೆತು ನಾರುವ ಹುಳುಗಳನ್ನು ಬೇರ್ಪಡಿಸಿ ನಾಶಪಡಿಸಿ.

ಮಣ್ಣಿನ ಪರೀಕ್ಷೆ: ತೋಟದ ತೇವಭರಿತ ಮಣ್ಣನ್ನು ಡಬ್ಬಿಯಲ್ಲಿ ತುಂಬಿ, ಕೆಲವು ಮೇಣದ ಹುಳುಗಳನ್ನು ಬಿಟ್ಟು, ಕೆಲವು ದಿನಗಳ ನಂತರ ಸತ್ತವುಗಳನ್ನು ಪರೀಕ್ಷಿಸಿದರೆ ಸ್ಥಳೀಯ ಜಂತುಹುಳುಗಳ ಇರುವಿಕೆ ತಿಳಿಯುತ್ತದೆ.

ವೈದ್ಯಕೀಯ ಸಂಶೋಧನೆ: ಮನುಷ್ಯನ ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಈ ಹುಳು ಬದುಕುವುದರಿಂದ ರೋಗಾಣು ಹಾಗೂ ಔಷಧಗಳ ಪ್ರಾಥಮಿಕ ಪರೀಕ್ಷೆಗೆ ಬಳಕೆಯಲ್ಲಿದೆ.

ಆಹಾರ: ಸಾಕು ಪಕ್ಷಿ ಮತ್ತು ಮೀನುಗಳಿಗೆ ಇದನ್ನು ನೀಡಬಹುದು. ಕೊಬ್ಬು ಅಧಿಕವಾಗಿಯೂ ಸುಣ್ಣದ ಅಂಶ ಕಡಿಮೆಯಾಗಿಯೂ ಇರುವುದರಿಂದ ಇದೊಂದನ್ನೇ ಆಹಾರವಾಗಿ ಕೊಡಬಾರದು.

ಸಾಕಣೆ ಕ್ರಮ

ಗೋಧಿ ಬೂಸಾ, ಮೆಕ್ಕೆಜೋಳದ ಹಿಟ್ಟು, ಹಾಲಿನ ಪುಡಿ, ಯೀಸ್ಟ್, ಜೇನುತುಪ್ಪ ಮತ್ತು ಗ್ಲಿಸರಿನ್ ಬೆರೆಸಿದ ಆಹಾರದಲ್ಲಿ ಹುಳುಗಳನ್ನು ಬೆಳೆಸಬಹುದು. 28ರಿಂದ 30 ಡಿಗ್ರಿ ಉಷ್ಣತೆ ಹಾಗೂ ಕತ್ತಲೆ ಅನುಕೂಲಕರ. ಹುಳುಗಳು ಮರ ಮತ್ತು ತೆಳು ಪ್ಲಾಸ್ಟಿಕ್ಕನ್ನು ಕೊರೆಯುವುದರಿಂದ ಗಾಜಿನ ಜಾಡಿ ಬಳಸಿ, ಬಾಯಿಗೆ ಸೂಕ್ಷ್ಮ ತಂತಿ ಬಲೆ ಬಿಗಿಯಿರಿ.

ಮುನ್ನೆಚ್ಚರಿಕೆಗಳು

• ಜೇನು ಪೆಟ್ಟಿಗೆಗಳಿರುವ ತೋಟದಲ್ಲಾಗಲಿ, ಎರಿ ಸಂಗ್ರಹಿಸುವ ಕೊಠಡಿಯಲ್ಲಾಗಲಿ ಈ ಹುಳುವನ್ನು ಸಾಕಬೇಡಿ. ತಪ್ಪಿಸಿಕೊಂಡ ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡಬಲ್ಲದು.

• ಉಳಿದ ಆಹಾರ ಮತ್ತು ಹುಳುಗಳನ್ನು ತಿಪ್ಪೆಗೆ ಎಸೆಯದೆ ಸುಟ್ಟುಹಾಕಿ.

• ಖಾಲಿ ಎರಿಗಳನ್ನು ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2 ಗಂಟೆ ಇರಿಸಿದರೆ ಪತಂಗದ ಎಲ್ಲ ಹಂತಗಳೂ ಸಾಯುತ್ತವೆ. ನಂತರ ಗಾಳಿಯಾಡದಂತೆ ಮುಚ್ಚಿಡಿ.

• ಪೆಟ್ಟಿಗೆಯ ಅಡಿಹಲಗೆಯನ್ನು ನಿಯಮಿತವಾಗಿ ಸ್ವಚ್ಛಗೊಳಿಸಿ. ಜೇನ್ನೊಣಗಳು ಆವರಿಸದ ಹಳೆಯ ಎರಿಗಳನ್ನು ತೆಗೆಯಿರಿ. ದುರ್ಬಲ ಕುಟುಂಬಗಳನ್ನು ಒಗ್ಗೂಡಿಸಿ.

ಜೇನು ಕೃಷಿಕರು ಈ ಹುಳುವನ್ನು ಸ್ವತಃ ಸಾಕುವುದಕ್ಕಿಂತ, ಸಿದ್ಧ ಜಂತುಹುಳು ಉತ್ಪನ್ನವನ್ನು ಪಡೆದು ಗೊಣ್ಣೆಹುಳುವಿಗೆ ಬಳಸುವುದೇ ಕ್ಷೇಮಕರ.