ಮಾದಪ್ಪನ ಪದಗಳ ಮರುಗಾಯನ

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಸೀಮೆಯ ಮಲೆ ಮಹದೇಶ್ವರ (ಮಾದಪ್ಪ) ಪರಂಪರೆಯ ಜನಪದ ಗೀತೆಗಳನ್ನು ಸಿನಿಮಾ, ಭಕ್ತಿಸಂಗೀತ, ರ‍್ಯಾಪ್ ಮುಂತಾದ ಬೇರೆ ಪ್ರಕಾರಗಳಲ್ಲಿ ಹಾಡುವ ರೂಢಿಯಿದೆ. ಮೂಲದಲ್ಲಿ ಇವು ಬಿಡಿ ಹಾಡುಗಳಲ್ಲ. ‘ಸಾಲು’ಗಳಾಗಿ ಹರಡಿಕೊಂಡ ದೀರ್ಘ ಮೌಖಿಕ ಕಾವ್ಯವನ್ನು ಮಾದಪ್ಪನ ಭಕ್ತಗಾಯಕರಾದ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಕಥೆಯಾಗಿ ಹಾಡುತ್ತಾರೆ. ಪಕ್ಕದ ಮಂಟೇಸ್ವಾಮಿ ಪರಂಪರೆಯ ನೀಲಗಾರರದು ತಂಬೂರಿ, ಗಗ್ಗರದ ಮೇಳ.

ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ (1996) ಚಿತ್ರದ ‘ಕೋಲುಮಂಡೆ’ ಹಾಡು ಮಾದಪ್ಪನ ಪದಗಳ ಧಾಟಿಯನ್ನು ನಾಡಿನಾದ್ಯಂತ ಮುಟ್ಟಿಸಿತು. ವಿ. ಮನೋಹರ್ ಸಂಗೀತದಲ್ಲಿ ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು. ಅದೇ ಹಾಡನ್ನು 2020ರಲ್ಲಿ ಚಂದನ್ ಶೆಟ್ಟಿ ರ‍್ಯಾಪ್ ಮಾಡಿದಾಗ, ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ಸಿಡಿದೆದ್ದರು. ವಿಡಿಯೊವನ್ನು ಹಿಂತೆಗೆದುಕೊಳ್ಳಲಾಯಿತು. ಆಕ್ಷೇಪ ತಾಳದ ಮೇಲಿರಲಿಲ್ಲ ಎಂಬುದು ಗಮನಾರ್ಹ. ಗಂಡ ನೀಲೇಗೌಡನ ಸಂಶಯಕ್ಕೆ ನಲುಗಿದ ಸಂಕಮ್ಮ ಈ ಸೀಮೆಯವರಿಗೆ ಕಥಾಪಾತ್ರ ಮಾತ್ರವಲ್ಲ, ಪೂಜ್ಯಳು.

ಇದೇ ಪರಂಪರೆಯ ‘ಸೋಜುಗಾದ ಸೂಜುಮಲ್ಲಿಗೆ’ ಹಾಡಿನ ಹಾದಿ ಬೇರೆ. ಅನನ್ಯಾ ಭಟ್ ಅದನ್ನು ಶಿವರಾತ್ರಿ ವೇದಿಕೆಯಲ್ಲಿ ಹಾಡಿ ಕನ್ನಡ ಬಾರದವರಿಗೂ ತಲುಪಿಸಿದರು. ‘ಗರುಡ ಗಮನ ವೃಷಭ ವಾಹನ’ (2021) ಚಿತ್ರಕ್ಕೆ ಅದನ್ನೇ ಚೈತ್ರಾ ಆಚಾರ್ ಹಾಡಿದ್ದಾರೆ; ಅಲ್ಲಿ ಮಾದಪ್ಪನ ಸ್ತುತಿ ಹಿಂಸೆಯ ಕಥೆಯೊಳಗೆ ಸೇರಿಕೊಂಡಿದೆ. ಇಂಥ ಮರುಗಾಯನಗಳಲ್ಲಿ ಉಳಿಯುವುದು ಪಲ್ಲವಿ ಮತ್ತು ಕೆಲವು ನುಡಿ. ಕಥೆ ಬಹುಪಾಲು ಜಾರಿಹೋಗುತ್ತದೆ. ದೇವರಗುಡ್ಡರ ಮೇಳದಲ್ಲಾದರೆ ಕಥೆಯೇ ಮುಖ್ಯ.