ಗುರುಪುರ ನದಿಯ ಕಾವಲು ಬತ್ತೇರಿ

ದೇವಿಕೊಪ್ಪದ ಮಕ್ಕಳೊಂದಿಗೆ ಮಂಗಳೂರಿಗೆ ಪ್ರವಾಸ ಹೋಗಿದ್ದಾಗ, ಬೋಳೂರಿನ ಸುಲ್ತಾನ್ ಬತ್ತೇರಿಯ ಎದುರು ಬಾಲಕನೊಬ್ಬ, “ಫಾದರ್, ಇದು ಎಂಥಾ ಬ್ಯಾಟ್ರಿರೀ?” ಎಂದು ಕೇಳಿದ. ಉಳಿದವರು ನಕ್ಕರು. ಆದರೆ ಹುಡುಗನ ಪ್ರಶ್ನೆ ತೀರ ತಪ್ಪಾದುದಲ್ಲ. ಸಾಲಾಗಿ ಹೂಡಿದ ತೋಪುಗಳ ನೆಲೆಗೆ ಯೂರೋಪಿಯನ್ನರು ಇಟ್ಟ ಹೆಸರೇ ಮುಂದೆ ವಿದ್ಯುತ್ತಿನ ಬ್ಯಾಟರಿಗೂ ಬಂದಿತು, ಕನ್ನಡದಲ್ಲಿ ಬತ್ತೇರಿಯಾಯಿತು.

ನಮ್ಮ ಸೀಮೆಯ ಹಳ್ಳಿಗಳ ಹುಡೇವನ್ನು ಕಂಡವರಿಗೆ ಇದು ಭಾರಿ ಕಟ್ಟಡವೆನಿಸದು. ಕಪ್ಪು ಕಲ್ಲಿನ ಕಾವಲುಗೋಪುರ. ಸುತ್ತಲೂ ತೋಪಿನ ಬಾಯಿಗೆಂದು ಬಿಟ್ಟ ಕಂಡಿಗಳು. ಕೆಳಗೆ ಮದ್ದಿನ ಕೋಣೆ. ಇದರ ಮಹತ್ವವಿರುವುದು ಗಾತ್ರದಲ್ಲಲ್ಲ, ನಿಂತ ಜಾಗದಲ್ಲಿ. ಗುರುಪುರ ನದಿಯು ಇಲ್ಲಿ ನೇರವಾಗಿ ಕಡಲಿಗೆ ಬೀಳದೆ, ಮರಳುದಿಣ್ಣೆಯ ಮರೆಯಲ್ಲಿ ದಕ್ಷಿಣಕ್ಕೆ ಹರಿದು, ನೇತ್ರಾವತಿಯೊಡಗೂಡಿ ಒಂದೇ ಅಳಿವೆಯಿಂದ ಸಮುದ್ರ ಸೇರುತ್ತದೆ. ಅಳಿವೆಯನ್ನು ಹೊಕ್ಕು ಈ ನದಿಯಲ್ಲಿ ಮೇಲೇರುವ ಯುದ್ಧನೌಕೆ ಬತ್ತೇರಿಯ ಮುಂದೆಯೇ ಹಾಯಬೇಕು.

ಇದನ್ನು ಟಿಪ್ಪು ಸುಲ್ತಾನನು ಕಟ್ಟಿಸಿದ್ದು 1784ರಲ್ಲಿ. ಆ ವರ್ಷವನ್ನು ಮರೆತರೆ ಕಲ್ಲುಗಳು ಮೂಕವಾಗುತ್ತವೆ. ಮಂಗಳೂರನ್ನು ಇಂಗ್ಲಿಷರು 1768ರಲ್ಲಿ ಒಮ್ಮೆ, 1783ರಲ್ಲಿ ಮತ್ತೊಮ್ಮೆ ಹಿಡಿದಿದ್ದರು. ಎರಡನೆಯ ಬಾರಿ ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಹಸಿವಿನಿಂದ ಕಂಗೆಟ್ಟ ಕರ್ನಲ್ ಕ್ಯಾಂಪ್ಬೆಲ್ಲನ ಪಡೆ 1784ರ ಜನವರಿಯಲ್ಲಿ ಕೋಟೆಯನ್ನೊಪ್ಪಿಸಿತು. ಮಾರ್ಚ್ 11ರಂದು ಒಪ್ಪಂದವಾಯಿತು. ಆದರೂ ಕಡಲ ಕಡೆಯ ಅಂಜಿಕೆ ಹೋಗಲಿಲ್ಲ. ಅಕ್ಕಿ ತುಂಬಿದ ಹಡಗುಗಳು ಅರಬ್ ನಾಡಿಗೆ ಹೊರಡುತ್ತಿದ್ದ ಬಂದರನ್ನು ಯಾವ ದೊರೆಯೂ ತೆರೆದ ಬಾಗಿಲಾಗಿ ಬಿಟ್ಟಾನೇ? ದೊರೆಯಾಗಿ ಅವನು ಮಾಡಿದ್ದು ವಿವೇಕದ ಕೆಲಸವೆಂದು ಒಪ್ಪಲೇಬೇಕು.

ಅದೇ ಅಂಜಿಕೆ ಅದೇ ವರ್ಷ ಮತ್ತೊಂದು ರೂಪ ತಾಳಿತು. ಯುದ್ಧದಲ್ಲಿ ಕೆನರಾದ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಇಡೀ ಸಮುದಾಯವನ್ನೇ ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ವಿಭೂತಿ ಬುಧವಾರದಂದು ಬಂಧಿಸಿದರೆಂಬ ನೆನಪು ಕರಾವಳಿಯ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಸೆರೆಯಾದವರ ಲೆಕ್ಕ 30,000ದಿಂದ 60,000ದವರೆಗೆ ಬೇರೆಬೇರೆಯಾಗಿದೆ. ಅವರಲ್ಲಿ ಬಹಳ ಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು. ಇಗರ್ಜಿಗಳು ನೆಲಸಮವಾದವು, 1680ರ ಮಿಲಾಗ್ರಿಸ್ ದೇವಾಲಯವೂ ಅವುಗಳಲ್ಲೊಂದು.

ಇದೇ ದೊರೆ 1791ರಲ್ಲಿ, ಮರಾಠಾ ದಂಡಿನಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನು. ಆದುದರಿಂದ ಅವನನ್ನು ಒಂದೇ ಮಾತಿನಲ್ಲಿ ತೂಗುವವರ ಬಗ್ಗೆ ನನಗೆ ಸಂಶಯ. ಶತ್ರುವಿನ ಹಡಗಿಗೆ ತೋಪು ಹೂಡುವುದು ಒಂದು, ಹಸುಗೂಸುಗಳನ್ನೂ ಶತ್ರುವೆಂದೆಣಿಸುವುದು ಇನ್ನೊಂದು. ಮೊದಲನೆಯದನ್ನು ಮೆಚ್ಚುವುದಕ್ಕಾಗಿ ಎರಡನೆಯದನ್ನು ಮುಚ್ಚಿಡಬೇಕಾಗಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವನ್ನು ಕೆಡವಿದ ಸೇನೆ ಈ ನದಿಯಿಂದ ಬರಲಿಲ್ಲ, ನೆಲದ ದಾರಿಯಿಂದಲೇ ಬಂದಿತು. ಸೆರೆಯಿಂದ ಬದುಕುಳಿದವರು ಘಟ್ಟ ಇಳಿದು ಮರಳಿ ಊರು ಸೇರಿದರು. 1811ರಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಮತ್ತೆ ಕಟ್ಟಿದರು.